ತಿಳಿವಳಿಕೆ ಇತ್ತೇ, ಇಲ್ಲವೇ

ಅಮಲ್ದಾರರ ಜವಾನ ಬಂದು ಸ್ಕೂಲಿನ ಬಾಗಿಲಲ್ಲಿ ನಿಂತಾಗ ನಾನು ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದೆ. "ಅಮ್ಮಾವ್ರೆ, ದೊರೆಗಳು ನಿಮ್ಮನ್ನ ಕಚೇರಿಗೆ ಬರಬೇಕಂತ ಏಳವ್ರೆ" ಅಂದ. ಹುಡುಗಿಯರೆಲ್ಲ ಮಗ್ಗಿ ನಿಲ್ಲಿಸಿ ನನ್ನ ಮುಖ ನೋಡಿದರು. ಅಮಲ್ದಾರರೆಂದರೆ ತಾಲ್ಲೂಕಿಗೇ ದೊಡ್ಡವರು; ಕಂದಾಯವೂ ಅವರದೇ, ಸಣ್ಣ ಅಪರಾಧಗಳ ವಿಚಾರಣೆಯೂ ಅವರದೇ. ನನ್ನಂಥ ಹೆಂಗಸನ್ನು ಅವರು ಕರೆಸಿದರೆ ಅದು ಒಳ್ಳೆಯದಕ್ಕಿರಲಾರದು ಎಂದೇ ನನ್ನ ಲೆಕ್ಕ.

ಆಗ ನಾನು ತಿರುಮಕೂಡಲು ನರಸೀಪುರಕ್ಕೆ ಬಂದು ಬಹಳ ಕಾಲವಾಗಿರಲಿಲ್ಲ. ನನ್ನ ತವರು ನಂಜನಗೂಡು. ಎಂಟು ತುಂಬುವ ಮೊದಲೇ ಮದುವೆ ಮಾಡಿದ್ದರು. ಗಂಡನ ಮನೆ ಸೇರುವ ಮೊದಲೇ ಗಂಡ ಹೋದ. ಮುಂದೆ ನಮ್ಮಪ್ಪ ಧೈರ್ಯ ಮಾಡಿ ಮೈಸೂರಿನಲ್ಲಿ ಓದಿಸಿದ. ಸರ್ಕಾರದವರು ಹೆಣ್ಣುಮಕ್ಕಳ ಸ್ಕೂಲು ತೆರೆಯುತ್ತಿದ್ದರು, ಕಲಿಸುವುದಕ್ಕೆ ಹೆಂಗಸರು ಸಿಕ್ಕುತ್ತಿರಲಿಲ್ಲ. ಹೀಗಾಗಿ ನನಗೆ ಕೆಲಸ ಸಿಕ್ಕಿತು. ಒಬ್ಬಳೇ ಇರುವುದು ಸರಿಯಲ್ಲವೆಂದು ಸೋದರತ್ತೆಯನ್ನು ನನ್ನ ಜೊತೆಗೆ ಕಳಿಸಿದ್ದರು. ಅತ್ತೆ ಬೆಳಗಾಗೆದ್ದು ಹೊಳೆಯಲ್ಲಿ ಮಿಂದು ಬಂದರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ಯಾರನ್ನೂ ಮುಟ್ಟುತ್ತಿರಲಿಲ್ಲ, ನನ್ನನ್ನು ಕೂಡ.

ಕಚೇರಿಯಲ್ಲಿ ಅಮಲ್ದಾರರು ಎದ್ದು ನಿಂತು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ಅವರು ಇನ್ನೂ ಚಿಕ್ಕ ವಯಸ್ಸಿನವರು, ಕನ್ನಡಕ ತೆಗೆದು ಹಣೆ ಉಜ್ಜಿಕೊಳ್ಳುವ ಅಭ್ಯಾಸ. ಗೋಡೆಯ ಪಕ್ಕದಲ್ಲಿ ಒಬ್ಬ ಹುಡುಗಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಎಣ್ಣೆ ಕಾಣದ ಕೂದಲು, ಮೊಣಕಾಲಿಗೆ ಬಂದು ನಿಂತ ಲಂಗ. ಅವಳು ನೆಲದ ಮೇಲೆ ಹರಿದುಹೋಗುತ್ತಿದ್ದ ಇರುವೆ ಸಾಲಿಗೆ ಬೆರಳು ಅಡ್ಡ ಇಟ್ಟು, ಅವು ಸುತ್ತಿಕೊಂಡು ಹೋಗುವುದನ್ನು ನೋಡುತ್ತಿದ್ದಳು.

"ಅಮ್ಮ, ಇವಳಿಗೆ ಎಷ್ಟು ವಯಸ್ಸಿರಬಹುದು?" ಎಂದು ಕೇಳಿದರು.

"ಒಂಬತ್ತೋ ಹತ್ತೋ ಇರಬಹುದು" ಅಂದೆ.

"ಇವಳ ಅಪ್ಪ ಬೆಳಿಗ್ಗೆ ಎಂಟು ವರ್ಷ ಅಂದ. ಆಮೇಲೆ ಹನ್ನೊಂದು ಅಂದ. ಇರಲಿ, ನಿಮ್ಮ ಮಾತೇ ಹಿಡಿಯೋಣ."

ಅವರು ಹೇಳಿದ ಸಂಗತಿ ಇಷ್ಟು. ಹುಡುಗಿ ಮುಡುಕುತೊರೆಯ ಹತ್ತಿರದ ಒಂದು ಹಳ್ಳಿಯವಳು. ಅವಳ ಅವ್ವ ಅದೇ ಊರಿನ ದೊಡ್ಡ ಜಮೀನ್ದಾರರ ಮನೆಯಲ್ಲಿ ಗದ್ದೆ ಕೆಲಸಕ್ಕೆ ಹೋಗುತ್ತಿದ್ದಳು. ಆ ಮನೆಯ ಮಗುವನ್ನು ಎತ್ತಿಕೊಂಡು ತಿರುಗುವುದು ಇವಳ ಕೆಲಸ. ಆಗಷ್ಟೇ ಹೆಜ್ಜೆ ಇಡಲು ಕಲಿತ ಹೆಣ್ಣುಮಗು, ಎರಡು ಕಾಲಿಗೂ ಬೆಳ್ಳಿ ಕಡಗ. ಒಂದು ಮಧ್ಯಾಹ್ನ ಇವಳು ಮಗುವನ್ನು ಮನೆಗೆ ತಂದಾಗ ಕಡಗಗಳಿರಲಿಲ್ಲ. ಕೇಳಿದರೆ ಕಾಲುವೆಯಲ್ಲಿ ಬಿದ್ದುಹೋದವು ಅಂದಳು. ಮನೆಯ ಆಳುಗಳೆಲ್ಲ ಕಾಲುವೆಗಿಳಿದು ಹೊತ್ತು ಮುಳುಗುವವರೆಗೆ ಕೆಸರು ಸೋಸಿದರು. ಮಾರನೆಯ ದಿನ ಇವಳ ಮನೆಯ ಹಿಂದೆ ಬೆರಣಿ ಒಟ್ಟಿದ ಕಡೆ ಕಡಗಗಳು ಸಿಕ್ಕಿದವು. ಮಗುವಿನ ಅಪ್ಪ ಠಾಣೆಗೆ ಫಿರ್ಯಾದು ಕೊಟ್ಟ. ದಫೇದಾರ ಹುಡುಗಿಯನ್ನು ಗಾಡಿಯಲ್ಲಿ ಕೂರಿಸಿ ನರಸೀಪುರಕ್ಕೆ ತಂದು, ಎತ್ತು ಕದ್ದ ಆರೋಪದ ಮೇಲೆ ಹಿಡಿದು ತಂದಿದ್ದ ಇಬ್ಬರು ಗಂಡಸರ ಪಕ್ಕದ ಕೋಣೆಯಲ್ಲಿ ಹಾಕಿದ್ದ.

"ಕಾಯಿದೆ ಹೇಳುವುದು ಹೀಗೆ" ಅಂದರು ಅಮಲ್ದಾರರು. "ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. ಏಳು ದಾಟಿ ಹನ್ನೆರಡರ ಒಳಗಿದ್ದರೆ, ತಾನು ಮಾಡಿದ್ದು ಎಂಥ ಕೆಲಸ, ಅದರಿಂದ ಮುಂದೆ ಏನಾಗುತ್ತದೆ ಅಂತ ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಅಂತ ನೋಡಬೇಕು. ಬಲಿತಿದ್ದರೆ ಅಪರಾಧ, ಇಲ್ಲದಿದ್ದರೆ ಇಲ್ಲ. ಆದರೆ ಹಾಗೆ ಯಾರೂ ನೋಡುವುದಿಲ್ಲಮ್ಮ. ಹುಡುಗನಾದರೆ ನಾಲ್ಕು ಬೆತ್ತದೇಟು ಹಾಕಿಸಿ ಕಳಿಸುತ್ತೇವೆ. ಹೆಣ್ಣಿಗೆ ಬೆತ್ತ ಹಾಕಿಸುವಂತಿಲ್ಲ. ಮೈಸೂರಿನ ಜೈಲಿಗೆ ಕಳಿಸಿದರೆ ದೊಡ್ಡ ಹೆಂಗಸರ ನಡುವೆ ಬೀಳುತ್ತಾಳೆ. ಹುಡುಗಿಯರಿಗೆ ಅಂತ ಬೇರೆ ಜಾಗ ನಮ್ಮ ಸಂಸ್ಥಾನದಲ್ಲಿ ಇರುವುದು ನನಗಂತೂ ತಿಳಿಯದು."

"ಇದರಲ್ಲಿ ನಾನು ಏನು ಮಾಡಬೇಕು?"

"ವಿಚಾರಣೆಯವರೆಗೆ ಇವಳನ್ನು ನಿಮ್ಮ ಮನೆಯಲ್ಲಿಟ್ಟುಕೊಳ್ಳಿ. ದಿನವೂ ಮಕ್ಕಳನ್ನು ನೋಡುವವರು ನೀವು. ಇವಳಿಗೆ ತಿಳಿವಳಿಕೆ ಇದೆಯೇ ಇಲ್ಲವೇ ನೋಡಿ ನನಗೆ ಹೇಳಿ."

ಇಷ್ಟೇ ತಾನೆ ಅನ್ನಿಸಿತು ನನಗೆ. ಒಂದು ಮಗುವಿಗೆ ಎಷ್ಟು ತಿಳಿದಿದೆ ಎಂದು ಹೇಳಲಾರದವಳು ಮೇಷ್ಟರಾಗಿ ಏನು ಪ್ರಯೋಜನ? ಆಗಲಿ ಎಂದು ಒಪ್ಪಿಕೊಂಡು ಹುಡುಗಿಯನ್ನು ಕರೆದುಕೊಂಡು ಹೊರಟೆ.

ಅತ್ತೆ ಬಾಗಿಲಲ್ಲೇ ತಡೆದಳು. "ಏನೇ ಇದು? ಪೋಲೀಸಿನವರು ಹಿಡಿದ ಕಳ್ಳೀನ ಮನೆಗೆ ಕರ್ಕೊಂಡು ಬರ್ತಾರೇನೆ?"

"ಕಳ್ಳಿ ಹೌದೋ ಅಲ್ಲವೋ ನೋಡೋದಕ್ಕೇ ಕರ್ಕೊಂಡು ಬಂದಿರೋದು ಅತ್ತೆ."

"ಹಾಗಾದ್ರೆ ಹಿತ್ತಲ ಜಗಲಿ ಮೇಲೆ ಇಟ್ಕೊಂಡು ನೋಡು. ಒಳಗೆ ಬಂದರೆ ನಾನು ನಾಳೇನೇ ನಂಜನಗೂಡಿಗೆ ಹೊರಟೆ."

ಹುಡುಗಿ ಹಿತ್ತಲ ಜಗಲಿಯಲ್ಲಿ ಮಲಗಿದಳು. ಚಾಪೆ ಕೊಟ್ಟೆ, ನನ್ನ ಹಳೆಯ ಸೀರೆಯೊಂದನ್ನು ಹೊದೆಯಲು ಕೊಟ್ಟೆ. ಹಗಲು ನನ್ನ ಜೊತೆ ಸ್ಕೂಲಿಗೆ ಬರುತ್ತಿದ್ದಳು. ಹುಡುಗಿಯರು ಮೊದಮೊದಲು ದೂರ ಸರಿದು ಕೂತರೂ ಬೇಗ ಅವಳ ಜೊತೆ ಕಲ್ಲಾಟಕ್ಕೆ ನಿಂತರು. ಐದು ಕಲ್ಲು ಎಸೆದು ಹಿಡಿಯುವುದರಲ್ಲಿ ಅವಳನ್ನು ಸೋಲಿಸುವವರಿರಲಿಲ್ಲ.

ಮೊದಲ ಸಂಜೆಯೇ ಕೇಳಿಬಿಟ್ಟೆ. "ಕಡಗ ಯಾಕೆ ತೆಗೆದೆ?"

"ಕಾಲು ಊದಿತ್ತು. ಮುಟ್ಟಿದ್ರೆ ಅಳಾದು" ಅಂದಳು. ಹರಳೆಣ್ಣೆ ಹಚ್ಚಿ ನಿಧಾನವಾಗಿ ಜಾರಿಸಿದೆ ಎಂದು ಕೈಯಲ್ಲೇ ಮಾಡಿ ತೋರಿಸಿದಳು. ನನ್ನ ಮನಸ್ಸು ಹಗುರಾಯಿತು. ಇದು ಕಳ್ಳತನವೇ ಅಲ್ಲ, ನಾಳೆಯೇ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡೆ. ಆಮೇಲೆ ಹೊಳೆಯಿತು, ಹಾಗಿದ್ದರೆ ಬೆರಣಿಯಲ್ಲಿ ಯಾಕೆ ಮುಚ್ಚಿಟ್ಟಳು? ಕಾಲುವೆಯಲ್ಲಿ ಬಿತ್ತು ಎಂದು ಯಾಕೆ ಹೇಳಿದಳು?

ಮರುದಿನ ಅದನ್ನೂ ಕೇಳಿದೆ. "ಬಯ್ತಾರೆ ಅಂತ" ಅಂದಳು. ಎರಡು ದಿನ ಬಿಟ್ಟು ಮತ್ತೆ ಕೇಳಿದರೆ, "ನಮ್ಮ ಮಗೀಗೆ ಆಕಿ ನೋಡಾನ ಅಂತ" ಅಂದಳು. ಅವಳ ಮನೆಯಲ್ಲೂ ಒಂದು ತೊಟ್ಟಿಲ ಮಗುವಿತ್ತು, ತಮ್ಮ. "ಹಾಕಿದೆಯಾ?" ಎಂದರೆ ಇಲ್ಲ ಎಂದು ತಲೆ ಆಡಿಸಿದಳು. ಇನ್ನೊಂದು ಸಲ ಕೇಳಿದಾಗ "ಸುಮ್ಕೆ" ಅಂದಳು. ಮೂರು ಉತ್ತರವನ್ನೂ ಒಂದೇ ಮುಖದಲ್ಲಿ ಹೇಳಿದ್ದಳು. ಯಾವುದು ನಿಜ? ಮೂರೂ ನಿಜವಿರಬಹುದೆಂದು ಈಗ ಅನ್ನಿಸುತ್ತದೆ. ಆಗ ಹಾಗೆ ತೋರಲಿಲ್ಲ, ಅವಳು ನನ್ನನ್ನು ಆಟವಾಡಿಸುತ್ತಿದ್ದಾಳೆ ಎಂದು ಸಿಟ್ಟು ಬಂದಿತ್ತು.

ಒಂದು ದಿನ ಅತ್ತೆ ಹಿತ್ತಲಲ್ಲಿ ಹಳೆಯ ಸೀರೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದಳು. ಸ್ಕೂಲಿಗೆ ಹೊರಟ ಹುಡುಗಿಯನ್ನು ತಡೆದು, ಕಾಗೆ ಬಾರದ ಹಾಗೆ ನೋಡಿಕೋ ಎಂದು ಕೈಗೆ ಕೋಲು ಕೊಟ್ಟಿದ್ದಳು. ನಾನು ಸ್ಕೂಲಿನಿಂದ ಬಂದಾಗ ಸೀರೆಯ ಒಂದು ಕೊನೆಯಲ್ಲಿ ಸಂಡಿಗೆಯೇ ಇರಲಿಲ್ಲ. ಹಿತ್ತಲ ಬೇಲಿಯ ಹತ್ತಿರ ಭಿಕ್ಷೆ ಬೇಡುವ ಮುದುಕಿಯೊಬ್ಬಳು ಬಂದಿದ್ದಳಂತೆ, ಹುಡುಗಿ ಅದನ್ನು ಅವಳ ಮಡಿಲಿಗೆ ಹಾಕಿದ್ದಳು.

"ಅದು ನಿನ್ನದೇನೇ?" ಎಂದೆ.

"ನಿಮ್ದು."

"ಹಾಗಾದರೆ ಕೊಡಬಹುದಾ?"

"ಕಾಗೆ ತಿನ್ನಕೆ ಬಿಡಬ್ಯಾಡ ಅಂದ್ರು ದೊಡ್ಡಮ್ಮಾರು. ಆ ಮುದುಕವ್ವಂಗೆ ಕೊಡಬ್ಯಾಡ ಅನ್ನನಿಲ್ಲ."

ಒಳಗಿನಿಂದ ಅತ್ತೆ, "ನೋಡಿದೆಯಾ? ಇದಕ್ಕೆ ತಿಳಿವಳಿಕೆ ಇಲ್ಲ ಅಂತೀಯಾ? ವಕೀಲರಿಗೆ ಪಾಠ ಹೇಳ್ತಾಳೆ" ಅಂದಳು. ನಾನು ಹುಡುಗಿಯ ಮುಖ ನೋಡಿದೆ. ತುಂಟತನವೂ ಕಾಣಲಿಲ್ಲ, ಹೆದರಿಕೆಯೂ ಕಾಣಲಿಲ್ಲ. ತಾನು ಒಂದೂ ತಿಂದಿರಲಿಲ್ಲ; ಅದನ್ನು ಅತ್ತೆ ಕೂಡ ಒಪ್ಪಿದಳು, ಯಾಕೆಂದರೆ ಹುಡುಗಿಯ ಬಾಯಿಯ ಸುತ್ತ ಹಿಟ್ಟಿನ ಗುರುತೇ ಇರಲಿಲ್ಲ.

ಆಮೇಲೆ ನಾನು ಸರಿಯಾದ ರೀತಿಯಲ್ಲಿ ಪರೀಕ್ಷೆ ಮಾಡಬೇಕೆಂದು ಹೊರಟೆ. ಸಣ್ಣ ಕತೆ ಕಟ್ಟಿ ಕೇಳುವುದು. ಒಬ್ಬ ಹುಡುಗನಿಗೆ ಹಸಿವಾಗಿದೆ, ಪಕ್ಕದ ತೋಟದಲ್ಲಿ ಸೀಬೆಹಣ್ಣಿದೆ, ತೋಟದವನು ಊರಲ್ಲಿಲ್ಲ, ಏನು ಮಾಡಬೇಕು? ಹುಡುಗಿ, "ಅಮ್ಮಾರೆ, ಗೊತ್ತು ಅಂದ್ರೆ ನಂಗೇನ್ ಮಾಡ್ತಾರೆ? ಗೊತ್ತಿಲ್ಲ ಅಂದ್ರೆ ಏನ್ ಮಾಡ್ತಾರೆ?" ಎಂದು ಕೇಳಿದಳು.

ಈ ಪ್ರಶ್ನೆ ಕೇಳುವವಳಿಗೆ ತಿಳಿವಳಿಕೆ ಇಲ್ಲವೆಂದು ಹೇಗೆ ಹೇಳುವುದು? ಆದರೆ ಈ ತಿಳಿವಳಿಕೆ ಅವಳಿಗೆ ಬಂದದ್ದು ಯಾವಾಗ? ಕಡಗ ತೆಗೆದಾಗಲೇ ಇತ್ತೋ, ದಫೇದಾರನ ಗಾಡಿಯಲ್ಲಿ ಬಂತೋ, ನನ್ನ ಹಿತ್ತಲಲ್ಲಿ ನಾನೇ ದಿನವೂ ಕೇಳಿ ಕೇಳಿ ಕಲಿಸಿದೆನೋ?

ಅದೇ ಕತೆಯನ್ನು ಸ್ಕೂಲಿನ ಹುಡುಗಿಯರಿಗೆ ಹೇಳಿ ನೋಡಿದೆ. ಎಲ್ಲರೂ ಕೈ ಎತ್ತಿದರು. "ಕಳ್ಳತನ ಮಹಾಪಾಪ" ಎಂದು ಒಬ್ಬಳು ರಾಗವಾಗಿ ಹೇಳಿದಳು, ಉಳಿದವರೂ ಅದೇ ರಾಗದಲ್ಲಿ ಹೇಳಿದರು. ಪಾಪ ಅಂದರೆ ಏನು ಎಂದೆ. ಯಾರೂ ಹೇಳಲಿಲ್ಲ. ಈ ಜಾಣೆಯರಲ್ಲಿ ಯಾರಿಗೆ ತಿಳಿವಳಿಕೆ ಇದೆ ಎಂದು ಅಮಲ್ದಾರರು ಕೇಳಿದ್ದರೂ ನಾನು ತಡವರಿಸುತ್ತಿದ್ದೆ. ಮನೆಗೆ ಬರುವಾಗ ದಾರಿಯಲ್ಲಿ ನನ್ನದೇ ಯೋಚನೆ ಬಂತು. ಹಸೆಯ ಮೇಲೆ ಕೂರಿಸಿದಾಗ ನನಗೆ ಮದುವೆಯೆಂದರೆ ಏನೆಂದು ತಿಳಿದಿತ್ತೇ? ಹೊಸ ಸೀರೆಯ ಜರಿ ಚುಚ್ಚುತ್ತಿದ್ದದ್ದೊಂದೇ ನೆನಪು. ಆ ದಿನ ನನ್ನ ಬುದ್ಧಿ ಬಲಿತಿದೆಯೇ ಎಂದು ಕೇಳಿದವರು ಯಾರೂ ಇರಲಿಲ್ಲ. ಬೆಳ್ಳಿ ಕಡಗಕ್ಕೆ ಇಷ್ಟು ವಿಚಾರಣೆ ನಡೆಸುವ ಕಾಯಿದೆ ಅದನ್ನು ಯಾಕೆ ಕೇಳಲಿಲ್ಲವೆಂದು ನನಗೆ ಅರ್ಥವಾಗಲಿಲ್ಲ. ಅತ್ತೆಯ ಮುಂದೆ ಹೇಳಿದರೆ, "ಎಲ್ಲಿಂದ ಎಲ್ಲಿಗೋ ಗಂಟು ಹಾಕಬೇಡ" ಅಂದಳು.

ಒಂದು ದಿನ ಹುಡುಗಿಯ ಅಪ್ಪ ಬಂದ. ಬಾಗಿಲ ಹೊರಗೇ ನಿಂತು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅವ್ವಾರೆ, ಮಗೀಗೆ ಏನೂ ತಿಳೀದು, ಪೆದ್ದು ಅಂತ ಏಳ್ಬುಡಿ. ಜೈಲ್ಗೆ ಓದ್ರೆ ಉಳಿಯಾಕಿಲ್ಲ ಅದು. ನಿಮ್ಮ ಕಾಲಿಗೆ ಬೀಳ್ತೀನಿ." ಕಣ್ಣಲ್ಲಿ ನೀರಿತ್ತು. ಹಾಗೇ ಹೇಳುತ್ತೇನೆ, ನೀನು ಚಿಂತೆ ಮಾಡಬೇಡ ಎಂದು ಕಳಿಸಿದೆ. ನನ್ನ ಮನಸ್ಸಿಗೂ ಅದೇ ಸುಲಭವೆನ್ನಿಸಿತ್ತು.

ಅವನು ಬಂದುಹೋದ ಮಾರನೆಯ ದಿನವೇ ಅವ್ವ ಬಂದಳು. ಮಡಿಲಲ್ಲಿ ಅವರೆಕಾಯಿ ತಂದಿದ್ದಳು. ಮಗಳ ತಲೆ ಬಾಚಿ, ಹೇನು ನೋಡಿ, ಜಡೆ ಹಾಕಿದಳು. ಮಗಳನ್ನು ನೀರು ತರಲು ಕಳಿಸಿ ನನ್ನ ಹತ್ತಿರ ಬಂದು ಕೂತಳು.

"ಅಮ್ಮಾರೆ, ನನ್ನ ಗಂಡ ಏನ್ ಏಳ್ದ ಅಂತ ಗೊತ್ತು. ಅವನ ಮಾತು ಕೇಳಬ್ಯಾಡಿ. ಬುದ್ಧಿ ಇಲ್ಲ ಅಂತ ಮಾತ್ರ ಬರೆಸಬ್ಯಾಡಿ."

"ಯಾಕಮ್ಮ? ಹಾಗೆ ಹೇಳಿದರೇ ಅಲ್ವಾ ಬಿಡೋದು?"

"ಇವಳ್ನ ನಮ್ಮಣ್ಣನ ಮಗಂಗೆ ಕೊಡಾದು ಅಂತ ಮಾತಾಗದೆ. ಕಡಗ ಕದ್ಲು ಅಂದ್ರೆ ನಮ್ಮಣ್ಣ ನಾಕ್ ದಿನ ಬೈತಾನೆ, ಆಮೇಕೆ ಮರೀತಾನೆ. ಮಕ್ಕಳು ಮಾಡ್ತವೆ ಅಂತಾನೆ. ಬುದ್ಧಿ ಇಲ್ದೋಳು ಅಂತ ಸರ್ಕಾರದವರೇ ಏಳುದ್ರೆ ಯಾವನು ಮಾಡ್ಕಂಡಾನು? ಜೈಲಾದ್ರೆ ಒಂದು ದಿನ ಬಿಡ್ತಾರೆ. ಇದು ಬಿಡ್ತದಾ?"

"ಜೈಲು ಹೇಗಿರುತ್ತೆ ಗೊತ್ತಾ ನಿನಗೆ?"

"ನಿಮಗೆ ಗೊತ್ತಾ?" ಎಂದಳು. ಜಗಳದ ದನಿಯಲ್ಲಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಅವಳು ಹೋದ ಮೇಲೆ ನಾನು ಅವರೆಕಾಯಿ ಸುಲಿಯುತ್ತ ಕೂತೆ. ಅಪ್ಪನಿಗೆ ಕೊಟ್ಟ ಮಾತು ಒಂದು ಕಡೆ, ಅವ್ವ ಕೇಳಿದ್ದು ಇನ್ನೊಂದು ಕಡೆ. ತಿಳಿವಳಿಕೆ ಇದೆ ಅಂದರೆ ಜೈಲು, ಇಲ್ಲ ಅಂದರೆ ಪೆದ್ದಿ. ಇವೆರಡರಲ್ಲಿ ನಿಜ ಯಾವುದು ಎನ್ನುವುದು ನನಗೆ ಎಲ್ಲಿಯೋ ಕಳೆದುಹೋಗಿತ್ತು. ಹುಡುಗಿ ಬಂದು ಪಕ್ಕದಲ್ಲಿ ಕೂತು ನನಗಿಂತ ಬೇಗ ಬೇಗ ಕಾಯಿ ಸುಲಿದಳು.

ವಿಚಾರಣೆಯನ್ನು ಅಮಲ್ದಾರರು ಕಚೇರಿಯಲ್ಲಿ ನಡೆಸಲಿಲ್ಲ. ಭಾನುವಾರ ನಮ್ಮ ಸ್ಕೂಲಿಗೇ ಬಂದರು. ಕಚೇರಿಯ ಕಟಕಟೆ ನೋಡಿದರೆ ಮಗು ಬಾಯಿಬಿಡುವುದಿಲ್ಲ ಎಂದು ಅವರ ಅಭಿಪ್ರಾಯ. ದಫೇದಾರನಿಗೆ ಮರದ ಕೆಳಗೆ ಹೋಗಿ ನಿಲ್ಲು ಎಂದರು. ಅವನಿಗೆ ಅವಮಾನವಾದದ್ದು ಎಲ್ಲರಿಗೂ ಕಾಣುತ್ತಿತ್ತು. ಅಮಲ್ದಾರರು ಚಾಪೆಯ ಮೇಲೆ ಕೂತರು. ಬರೆದುಕೊಳ್ಳುವ ಗುಮಾಸ್ತ ನಮ್ಮ ಸಣ್ಣ ಮಕ್ಕಳ ಮಣೆಯ ಮೇಲೆ ಮೊಣಕಾಲು ಎತ್ತಿಕೊಂಡು ಕೂತ.

ಫಿರ್ಯಾದಿಯ ಕಡೆಯಿಂದ ಮಗುವಿನ ಅಜ್ಜಿ ಬಂದಿದ್ದರು. ಗಟ್ಟಿ ಹೆಂಗಸು, ದೊಡ್ಡ ಮನೆತನದ ಯಜಮಾನಿ. ಮಗುವನ್ನೂ ಎತ್ತಿಕೊಂಡು ಬಂದಿದ್ದರು. ಕಾಲಿನಲ್ಲಿ ಕಡಗವಿರಲಿಲ್ಲ.

"ಕಾಲು ಊದಿತ್ತು ಅಂತ ಹುಡುಗಿ ಹೇಳುತ್ತಾಳೆ. ನಿಜವೇ?" ಎಂದು ಅಮಲ್ದಾರರು ಕೇಳಿದರು.

"ಊದಿತ್ತು ಬುದ್ಧಿ. ನಾವೂ ನೋಡಿದ್ವಿ. ಸಂತೆ ದಿನ ಅಕ್ಕಸಾಲಿಗನತ್ರ ದೊಡ್ಡದು ಮಾಡಿಸಾನ ಅಂತಿದ್ವಿ."

"ಹಾಗಾದರೆ ತೆಗೆದದ್ದು ತಪ್ಪಲ್ಲವಲ್ಲ?"

"ತೆಗೆದಿದ್ದು ತಪ್ಪು ಅಂತ ನಾ ಎಲ್ಲಿ ಅಂದೆ? ಕೇಳುದ್ರೆ ಕಾಲುವೆಗೆ ಬಿತ್ತು ಅಂದ್ಲು. ನಮ್ಮ ಆಳುಗಳು ಚಳೀಲಿ ನೀರಲ್ಲಿ ನಿಂತಿದ್ರೆ ಇವಳು ದಂಡೆ ಮೇಲೆ ಕೂತು ನೋಡ್ತಿದ್ಲು. ಅದು ನಂಗೆ ಒಟ್ಟೆ ಉರೀತು."

ಹುಡುಗಿ ಆಗ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಮಗುವನ್ನೇ ನೋಡುತ್ತಿದ್ದಳು. ಮೆಲ್ಲಗೆ ಎದ್ದು ಹತ್ತಿರ ಹೋಗಿ ಬಾಯಲ್ಲಿ ಟಕಟಕ ಶಬ್ದ ಮಾಡಿ ಕೈ ಚಾಚಿದಳು. ಮಗು ಅವಳನ್ನು ಒಂದು ಗಳಿಗೆ ನೋಡಿ, ಅಜ್ಜಿಯ ಕುತ್ತಿಗೆಯಲ್ಲಿ ಮುಖ ಮುಚ್ಚಿಕೊಂಡು ಕಿರುಚಿತು. ಗುರುತು ಮರೆತುಹೋಗಿತ್ತು. ಹುಡುಗಿ ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತಳು. ಆಮೇಲೆ ಗೋಡೆಗೆ ಮುಖ ಮಾಡಿ ಅಳತೊಡಗಿದಳು. ಠಾಣೆಯ ಕೋಣೆಯಲ್ಲಿ ಅತ್ತಿರಲಿಲ್ಲವಂತೆ, ನಮ್ಮ ಮನೆಯಲ್ಲೂ ಅತ್ತದ್ದು ನಾನು ನೋಡಿರಲಿಲ್ಲ. ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಅಮಲ್ದಾರರ ಮುಖ ನೋಡಿದ, ಇದನ್ನು ಬರೆಯಬೇಕೋ ಬೇಡವೋ ಎನ್ನುವ ಹಾಗೆ.

ಅಮಲ್ದಾರರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ನೀವು ಹೇಳಿ ಅಮ್ಮ. ಇವಳಿಗೆ ತಿಳಿವಳಿಕೆ ಇದೆಯೇ?"

ಬಾಗಿಲಿನ ಒಂದು ಕಡೆ ಅಪ್ಪ ನಿಂತಿದ್ದ, ಇನ್ನೊಂದು ಕಡೆ ಅವ್ವ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಬೇಕೆಂದು ಸಿದ್ಧ ಮಾಡಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ಸ್ವಾಮಿ, ನನಗೆ ಗೊತ್ತಾಗಲಿಲ್ಲ" ಅಂದೆ. "ವಸ್ತು ಬೇರೆಯವರದು ಅಂತ ಅವಳಿಗೆ ಗೊತ್ತು. ಸುಳ್ಳು ಹೇಳಿದರೆ ಬಯ್ಯುತ್ತಾರೆ ಅಂತಲೂ ಗೊತ್ತು. ಪೆದ್ದಿ ಖಂಡಿತ ಅಲ್ಲ, ನಮ್ಮ ಸ್ಕೂಲಿನಲ್ಲಿ ಅವಳಷ್ಟು ಚುರುಕಾದವರು ಒಬ್ಬರೋ ಇಬ್ಬರೋ. ಆದರೆ ಒಂದು ಸುಳ್ಳಿಗೆ ಇಷ್ಟು ಜನ ಕಾಲುವೆಗಿಳಿಯುತ್ತಾರೆ, ಪೋಲೀಸು ಬರುತ್ತದೆ, ಎತ್ತಿ ಆಡಿಸಿದ ಮಗು ಗುರುತು ಮರೆಯುತ್ತದೆ, ಇದೆಲ್ಲ ಆ ಮಧ್ಯಾಹ್ನ ಅವಳಿಗೆ ಗೊತ್ತಿತ್ತು ಅಂತ ನಾನು ಹೇಳಲಾರೆ. ಈಗ ಗೊತ್ತಾಗಿದೆ."

ನಾನು ತಪ್ಪು ಹೇಳಿಬಿಟ್ಟೆ, ಎರಡು ಕಡೆಗೂ ಸಲ್ಲದ ಮಾತು ಎಂದು ಹೆದರಿಕೆಯಾಯಿತು. ಅಮಲ್ದಾರರು ಕನ್ನಡಕ ಮತ್ತೆ ಹಾಕಿಕೊಂಡು, "ಕಾಯಿದೆಯಲ್ಲಿ ಆ ಸಮಯದಲ್ಲಿ ಅಂತ ಒಂದು ಮಾತಿದೆ" ಎಂದು ತಮಗೆ ತಾವೇ ಹೇಳಿಕೊಂಡರು. ಗುಮಾಸ್ತನಿಗೆ ಬರೆಸಿದರು: ಹುಡುಗಿ ಚುರುಕಾದವಳು, ಬುದ್ಧಿಗೆ ಯಾವ ಕುಂದೂ ಇಲ್ಲ, ಆದರೆ ಈ ಕೆಲಸ ಮಾಡಿದ ಸಮಯದಲ್ಲಿ ಅದರ ಪರಿಣಾಮವನ್ನು ತಿಳಿಯುವಷ್ಟು ಪ್ರಬುದ್ಧಳಾಗಿರಲಿಲ್ಲ. ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಟ್ಟರು. ಅಜ್ಜಿ ಏಳುವಾಗ ಹುಡುಗಿಯ ಅವ್ವನಿಗೆ, "ನಾಳೆಯಿಂದ ಕೆಲಸಕ್ಕೆ ಬಾ. ಇವಳ್ನೂ ಕರ್ಕಂಡು ಬಾ. ಮಗು ಯಾರತ್ರಾನೂ ಓಗಲ್ಲ ಅಂತದೆ" ಅಂದರು. ನಾನು ಬೆಕ್ಕಸಬೆರಗಾಗಿ ನಿಂತೆ. ಠಾಣೆಗೆ ಕಳಿಸಿದವರೂ ಅವರೇ, ಮಗುವನ್ನು ಮತ್ತೆ ಕೈಗೆ ಕೊಡುವವರೂ ಅವರೇ. ಅವ್ವ ಸೆರಗು ಸರಿಮಾಡಿಕೊಂಡು "ಆಗ್ಲಿ ಕಣವ್ವ" ಅಂದಳು, ಏನೂ ನಡೆದಿಲ್ಲವೇನೋ ಎನ್ನುವ ಹಾಗೆ.

ಹುಡುಗಿಯನ್ನು ನನ್ನ ಹತ್ತಿರವೇ ಬಿಡಿ, ಓದಿಸುತ್ತೇನೆ ಎಂದು ನಾನು ಅಪ್ಪನನ್ನು ಕೇಳಿಕೊಂಡೆ. ಅವನು ಕೈಮುಗಿದು ಬೇಡ ಅಂದ. ಅವಳೂ ತಿರುಗಿ ನೋಡದೆ ಅವ್ವನ ಹಿಂದೆ ಹೋದಳು. ನಮ್ಮ ಅತ್ತೆ ಅಂದು ಸಂಜೆ ಹಿತ್ತಲ ಜಗಲಿ ತೊಳೆದು, ತೊಳೆದ ಮೇಲೆ ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದಳು. "ಗದ್ದಲವಿಲ್ಲದ ಹುಡುಗಿ" ಅಂದಳು.

ಮುಂದಿನ ಸುಗ್ಗಿ ಕಳೆದ ಮೇಲೆ ಅವಳ ಮದುವೆಯಾಯಿತೆಂದು ತಿಳಿಯಿತು, ಸೋದರಮಾವನ ಮಗನ ಜೊತೆಗೇ. ಅವ್ವನ ಆಸೆ ನೆರವೇರಿತು. ನಾನು ಸಂತೋಷಪಡಬೇಕಾಗಿತ್ತು. ಬೆಳ್ಳಿ ಕಡಗದ ಪರಿಣಾಮ ತಿಳಿಯದವಳೆಂದು ನಮ್ಮ ಬಾಯಿಂದಲೇ ಹೇಳಿಸಿಕೊಂಡ ಮಗು, ಒಂದು ವರ್ಷ ತುಂಬುವ ಮೊದಲೇ ಒಂದು ಸಂಸಾರಕ್ಕೆ ಸೇರಿದಳು. ಅದಕ್ಕೆ ಯಾರೂ ಯಾವ ವಿಚಾರಣೆಯನ್ನೂ ನಡೆಸಲಿಲ್ಲ. ನಾನು ಅವಳನ್ನು ಕಾಪಾಡಿದೆನೋ, ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಟ್ಟೆನೋ, ತಿಳಿಯಲಿಲ್ಲ.

ಆ ಅಮಲ್ದಾರರಿಗೆ ಮೇಲಿನವರಿಂದ ಮಾತು ಬಂತೆಂದು ಊರಿನಲ್ಲಿ ಆಡಿಕೊಂಡರು. ಸರ್ಕಾರಿ ವಿಚಾರಣೆಯನ್ನು ಚಾಪೆಯ ಮೇಲೆ ನಡೆಸಿದ್ದು, ಆರೋಪಿಯನ್ನು ಹೆಂಗಸೊಬ್ಬಳ ಮನೆಯಲ್ಲಿಟ್ಟದ್ದು ಸರಿಯಲ್ಲವೆಂದಂತೆ. ನಿಜವೋ ಸುಳ್ಳೋ, ಅವರಿಗೆ ನಂಜನಗೂಡಿಗೆ ವರ್ಗವಾಯಿತು. ನಾನು ರಜಕ್ಕೆ ತವರಿಗೆ ಹೋದಾಗ ಕಪಿಲೆಯ ಸೋಪಾನದ ಹತ್ತಿರ ಹೆಂಡತಿಯ ಜೊತೆ ಎದುರಾದರು. ಹುಡುಗಿಯ ಮದುವೆಯ ವಿಷಯ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ಇಲ್ಲಿಗೆ ಬಂದ ಮೇಲೆ ಒಬ್ಬ ಹುಡುಗನ ಮೊಕದ್ದಮೆ ಬಂತು" ಅಂದರು. "ಕವಲಂದೆ ಕಡೆಯವನು. ಕಣದಲ್ಲಿ ರಾಗಿ ಮೆದೆಗೆ ಬೆಂಕಿ ಹಾಕಿದ್ದ. ಅವನನ್ನೂ ಹೀಗೇ ಒಬ್ಬ ಮೇಷ್ಟರ ಮನೆಯಲ್ಲಿಟ್ಟೆ. ಎರಡನೇ ದಿನ ಓಡಿಹೋದ. ಇನ್ನೂ ಸಿಕ್ಕಿಲ್ಲ. ಬೆತ್ತ ಹಾಕಿಸಿದ್ದರೆ ಮನೆಯಲ್ಲಾದರೂ ಇರುತ್ತಿದ್ದ ಅಂತ ಅವನ ತಾಯಿ ನನ್ನ ಕಚೇರಿ ಮುಂದೆ ಬಂದು ಅತ್ತಳು. ನಾನು ಮಾಡಿದ್ದು ಸರಿಯೋ ತಪ್ಪೋ ನನಗೇ ತಿಳಿಯುತ್ತಿಲ್ಲ ಅಮ್ಮ. ನಿಮಗೇನನ್ನಿಸುತ್ತೆ?"

ಅಮಲ್ದಾರರೇ ನನ್ನನ್ನು ಕೇಳಿದರೆ ನಾನು ಯಾರನ್ನು ಕೇಳಲಿ? "ಆ ಹುಡುಗನನ್ನು ನಾನು ನೋಡಿಲ್ಲವಲ್ಲ ಸ್ವಾಮಿ" ಅಂದೆ. ಅವರು ತಲೆ ಆಡಿಸಿ ಮುಂದೆ ಹೋದರು.

ನರಸೀಪುರಕ್ಕೆ ಬಂದ ಹೊಸ ಅಮಲ್ದಾರರು ವಯಸ್ಸಾದವರು, ಎಲ್ಲ ಹಳೆಯ ಪದ್ಧತಿಯವರು. ಕಚೇರಿ ನಮ್ಮ ಸ್ಕೂಲಿಗೆ ಕೂಗಳತೆಯಷ್ಟೇ ದೂರ. ಒಂದು ಮಧ್ಯಾಹ್ನ ಪದ್ಯ ಹೇಳಿಸುತ್ತಿದ್ದಾಗ ಕಚೇರಿಯ ಹಿಂಭಾಗದಿಂದ ಹುಡುಗನೊಬ್ಬನ ಕೂಗು ಕೇಳಿಸಿತು. ಬೆತ್ತದ ಸದ್ದು ನಮಗೆ ಕೇಳಿಸಲಿಲ್ಲ, ಕೂಗು ಮಾತ್ರ ಬಿಟ್ಟು ಬಿಟ್ಟು ಬರುತ್ತಿತ್ತು. ನನ್ನ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನಾನು ಪದ್ಯ ಮುಂದುವರಿಸಿದೆ, ಗಟ್ಟಿಯಾಗಿ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಮಾರನೆಯ ದಿನ ಹೊಸ ಅಮಲ್ದಾರರನ್ನು ನೋಡಲು ಹೋದೆ. ಹೋಗುವಾಗ ಏನು ಕೇಳಬೇಕೆಂದೇ ಗೊತ್ತಿರಲಿಲ್ಲ. ಬೆತ್ತ ನಿಲ್ಲಿಸಿ ಎನ್ನಲು ನಾನು ಯಾರು? ಮನೆಯಲ್ಲಿಟ್ಟುಕೊಳ್ಳುತ್ತೇನೆ ಎನ್ನಲು, ಓಡಿಹೋದ ಹುಡುಗನ ತಾಯಿಯ ಮಾತು ಕಿವಿಯಲ್ಲಿತ್ತು. ಅವರು ನಶ್ಯ ಏರಿಸುತ್ತ, "ಏನಮ್ಮ, ಸ್ಕೂಲಿನ ಹೆಂಚು ಹಾರಿಹೋಯಿತೇ?" ಅಂದರು.

"ಇಲ್ಲ. ನಿನ್ನೆ ಬೆತ್ತದೇಟು ತಿಂದ ಹುಡುಗ ಅದಕ್ಕೆ ಮೊದಲು ಎಲ್ಲಿದ್ದ?"

"ಎಲ್ಲಿದ್ದ ಅಂದರೆ? ಠಾಣೆಯಲ್ಲಿ."

"ದೊಡ್ಡವರ ಜೊತೆಯಲ್ಲೇ?"

"ಮತ್ತೆ ನನ್ನ ಮನೆಯಲ್ಲಿಟ್ಟುಕೊಳ್ಳಲೇ? ಅದನ್ನೆಲ್ಲ ಮಾಡಿದವರು ಏನು ಅನುಭವಿಸಿದರು ಅಂತ ನಿಮಗೆ ಗೊತ್ತಿದೆ."

"ಮನೆಯಲ್ಲಿ ಬೇಡ. ಮಕ್ಕಳು ಸಿಕ್ಕಿಬಿದ್ದರೆ ವಿಚಾರಣೆಯವರೆಗೆ ಹಗಲು ಹೊತ್ತು ನಮ್ಮ ಸ್ಕೂಲಿನ ಜಗಲಿಯ ಮೇಲೆ ಕೂರಿಸಿ. ಜವಾನ ಕಾಯಲಿ. ಆ ಕೋಣೆಯಲ್ಲಿ ಮಾತ್ರ ಕೂಡಿಹಾಕಬೇಡಿ."

"ಅದರಿಂದೇನು ಉಪಯೋಗ?"

"ಗೊತ್ತಿಲ್ಲ" ಅಂದೆ. ನಿಜವಾಗಿ ಗೊತ್ತಿರಲಿಲ್ಲ.

ಅವರು ನಗುತ್ತ ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಬೈದು ಕಳಿಸುತ್ತಾರೆ ಎಂದುಕೊಂಡಿದ್ದೆ. "ಹಗಲು ಮಾತ್ರ. ಓಡಿಹೋದರೆ ಜವಾನನ ಕೆಲಸ ಹೋಗುತ್ತೆ, ಅವನಿಗೆ ನೀವೇ ಹೇಳಿ" ಅಂದರು.

ಹಾಗೆ ಶುರುವಾಯಿತು. ನಾನು ಅಲ್ಲಿರುವವರೆಗೆ ಆಗೊಮ್ಮೆ ಈಗೊಮ್ಮೆ ಒಂದೊಂದು ಮಗು ಬಂದು ಜಗಲಿಯ ಮೇಲೆ ಕೂರುತ್ತಿತ್ತು. ತೆಂಗಿನಕಾಯಿ ಕದ್ದವನು, ಬೇರೆಯವರ ದನವನ್ನು ದೊಡ್ಡಿಯಿಂದ ಬಿಟ್ಟವನು, ಜಗಳದಲ್ಲಿ ಕಲ್ಲೆಸೆದು ಹಲ್ಲು ಮುರಿದವನು. ಕೆಲವರಿಗೆ ಆಮೇಲೆ ಬೆತ್ತದೇಟು ಬಿತ್ತು, ಕೆಲವರು ಮನೆಗೆ ಹೋದರು. ಒಬ್ಬ ನಮ್ಮ ಹುಡುಗಿಯರು ಹೇಳುತ್ತಿದ್ದ ಮಗ್ಗಿಯನ್ನು ಹೊರಗಿನಿಂದಲೇ ಕಲಿತ. ಇನ್ನೊಬ್ಬ ಇಡೀ ದಿನ ನಿದ್ದೆ ಮಾಡಿದ. ನಾನು ಯಾರನ್ನೂ ಯಾಕೆ ಮಾಡಿದೆ ಎಂದು ಕೇಳಲಿಲ್ಲ. ನೀರು ಬೇಕೆ, ಊಟವಾಯಿತೆ ಎಂದು ಕೇಳುತ್ತಿದ್ದೆ. ಜವಾನ ಬಾಗಿಲಿಗೆ ಒರಗಿಕೊಂಡು ಅವರನ್ನು ಕಾಯುತ್ತ, ತನ್ನ ಮೊಮ್ಮಗಳನ್ನೂ ಯಾಕೆ ಸ್ಕೂಲಿಗೆ ಸೇರಿಸಬಾರದು ಎಂದು ಒಂದು ದಿನ ನನ್ನನ್ನು ಕೇಳಿದ. ನಾಳೆಯಿಂದಲೇ ಕಳಿಸು ಎಂದೆ.